ಒಳಗೆ ಯಾರೂ ಇಲ್ಲ

"ಮನೇಲಿ ಎಷ್ಟು ಜನ ಮೇಡಂ?" ಎಂದು ಬ್ರೋಕರ್ ಪ್ಯೋ ಕೇಳಿದಾಗ ಇನ್‌ಸುಕ್ ತಡವರಿಸಲಿಲ್ಲ. "ಮೂರು. ನಾನು, ನಮ್ಮನೆಯವರು, ಮಗಳು" ಎಂದಳು. ಸೋಮವಾರ ಇನ್ನೊಂದು ಆಫೀಸಿನಲ್ಲಿ ಹೇಳಿದ ಸುಳ್ಳಿನಲ್ಲಿ ಮಗಳ ಜಾಗದಲ್ಲಿ ಅತ್ತೆ ಇದ್ದಳು. ಮೆಟ್ಟಿಲು ಹತ್ತಲಾರದ ಅತ್ತೆ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿದ್ದರೂ ಈ ವಾರ ಸಾನ್‌ಬೋನ್ ಪೇಟೆಯ ಬ್ರೋಕರ್ ಆಫೀಸುಗಳಲ್ಲೆಲ್ಲ ಅವನು ಜೀವಂತವಾಗಿದ್ದ, ಒಳ್ಳೆಯ ಸಂಬಳ ತರುತ್ತಿದ್ದ, ದಕ್ಷಿಣಕ್ಕೆ ಮುಖಮಾಡಿದ ಪಡಸಾಲೆಯೇ ಬೇಕೆಂದು ಹಠ ಹಿಡಿಯುತ್ತಿದ್ದ. ಬದುಕಿದ್ದಾಗ ಅವನು ಯಾವುದಕ್ಕೂ ಹಠ ಹಿಡಿದವನಲ್ಲ. ಕಾಗದದ ಲೋಟದ ಸಿಹಿ ಕಾಫಿ ಹೀರುತ್ತ ಇನ್‌ಸುಕ್‌ಗೆ ಅನ್ನಿಸಿತು: ಈ ಕುರ್ಚಿಯಲ್ಲಿ ಕೂತಾಗ ಮಾತ್ರ ತಾನು ಯಾರಿಗೋ ಬೇಕಾದವಳು. ಎದುರಿನವನು ಮುಂದಕ್ಕೆ ಬಾಗಿ ತನ್ನ ಬಾಯಿಂದ ಬೀಳುವ ಒಂದೊಂದು ಮಾತನ್ನೂ ಹಿಡಿದುಕೊಳ್ಳುತ್ತಾನೆ. ಪಿಯಾನೊ ಕಲಿಯಲು ಬರುವ ಮಕ್ಕಳ ತಾಯಂದಿರು ಇತ್ತೀಚೆಗೆ ಅವಳ ಮುಖ ನೋಡದೆಯೇ ಮಾತಾಡಿ, ಮಗುವಿನ ಚೀಲ ಒಳಕ್ಕೆ ದೂಡಿ ಹೋಗಿಬಿಡುತ್ತಿದ್ದರು.

ಭಾನುವಾರ ಬೊಂಗ್ರೆ ಅಕ್ಕ ಬೇಯಿಸಿದ ಗೆಣಸಿನ ತಟ್ಟೆ ಹಿಡಿದು ಮೇಲಿನ ಮನೆಯಿಂದ ಇಳಿದು ಬಂದಿದ್ದಳು. ಇನ್‌ಸುಕ್ ಇರುವ ನೆಲಮಹಡಿಯ ಮನೆಯೂ ಅವಳದೇ. ಆದರೆ ಒಡತಿ, ಬಾಡಿಗೆಯವಳು ಎಂಬ ಮಾತು ಹತ್ತು ವರ್ಷದಲ್ಲಿ ಇಬ್ಬರ ಬಾಯಲ್ಲೂ ಬಂದಿರಲಿಲ್ಲ. "ಡೇಗುವಿಂದ ನನ್ನ ತಮ್ಮನ ಮಗಳು ಬರ್ತಾಳಂತೆ ಕಣೇ, ಬಾಡಿಗೆ ಮನೆ ಬೇಕಂತೆ. ನನ್ನ ಮಂಡಿ ನೋಡು, ಹಳೇ ಬಾಗಿಲ ಥರ ಕಿರುಗುಟ್ಟುತ್ತೆ. ನೀನು ಬೆಳಿಗ್ಗೆ ಹೊತ್ತು ಬಿಡುವಾಗಿರ್ತೀಯಲ್ಲ, ನಾಲ್ಕು ಕಡೆ ಹೋಗಿ ಯಾವ ಮನೆ ಎಷ್ಟಕ್ಕೆ ಹೋಗ್ತಿದೆ ನೋಡ್ಕೊಂಡು ಬಾ. ನಿನಗೇ ಬೇಕು ಅಂತ ಕೇಳು, ಇಲ್ಲಾಂದ್ರೆ ಸರಿಯಾಗಿ ತೋರಿಸಲ್ಲ ಅವರು." ಇನ್‌ಸುಕ್ ಒಲ್ಲೆ ಎನ್ನುವ ಪ್ರಶ್ನೆಯೇ ಇರಲಿಲ್ಲ. ಗಂಡ ಸತ್ತ ಮರುವರ್ಷ ಒಂದು ಪಿಯಾನೊ ಬೆನ್ನಿಗೆ ಕಟ್ಟಿಕೊಂಡು ಮನೆ ಹುಡುಕಿದ್ದಳು; ಪಿಯಾನೊ ಎಂದೊಡನೆ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಆಗ ಬೊಂಗ್ರೆ ಅಕ್ಕನೇ, "ನೆಲಮಹಡಿ, ಕೆಳಗೆ ಯಾರೂ ಇಲ್ಲ, ಮೇಲೆ ನಾನೊಬ್ಬಳೇ. ಕಿವಿ ಇರೋದು ಕೇಳೋಕೆ ತಾನೆ?" ಎಂದು ಕೈಹಿಡಿದು ಒಳಗೆ ಕರೆದುಕೊಂಡಿದ್ದಳು. ಕರುಳಿನ ಆಪರೇಷನ್ ಆಗಿ ಇನ್‌ಸುಕ್ ಆಸ್ಪತ್ರೆಯಲ್ಲಿ ಮಲಗಿದ್ದಾಗ ದಿನಾ ಬಂದು ಬಾಲ್ಕನಿಯ ಮೆಣಸಿನ ಗಿಡಗಳಿಗೆ ನೀರು ಹಾಕಿದವಳು ಅವಳೇ. ಆವತ್ತು ಬಾಗಿಲಿನ ಬೀಗ ತೆಗೆಯಲು ಒತ್ತುವ ನಂಬರ್ ಹೇಳಿಕೊಟ್ಟಾಗ ಮನಸ್ಸು ಹಗುರಾಗಿತ್ತು; ಲೋಕದಲ್ಲಿ ತನ್ನ ಮನೆಯ ಬಾಗಿಲು ತೆಗೆಯಬಲ್ಲ ಇನ್ನೊಂದು ಜೀವ ಇದೆ ಎಂಬುದೇ ಔಷಧಿಯಂತೆ ಇತ್ತು.

ಸೋಮವಾರ ಇನ್‌ಸುಕ್ ಶ್ರದ್ಧೆಯಿಂದ ಅಲೆದಳು. ಮಂಗಳವಾರ ಕಾಲು ಸೋತು, ಒಂದು ಮನೆಯನ್ನೂ ನೋಡದೆ ಸ್ಟೇಷನ್ ಹತ್ತಿರ ನೂಡಲ್ಸ್ ಅಂಗಡಿಯಲ್ಲಿ ಕೂತು ಬಿಸಿ ಸೂಪು ಕುಡಿದು ಮನೆಗೆ ಹೋದಳು. ಸಂಜೆ ಅಕ್ಕ ಕಣ್ಣರಳಿಸಿ ಕಾದಿದ್ದಳು. ಬರಿಗೈಯಲ್ಲಿ ಬಂದೆ ಎನ್ನಲು ನಾಚಿಕೆಯಾಗಿ, "ಎಂಟನೇ ಬ್ಲಾಕಲ್ಲಿ ಎರಡನೇ ಮಹಡಿ. ಬಚ್ಚಲು ಹೊಸದು ಮಾಡಿಸಿದ್ದಾರೆ. ತಿಂಗಳಿಗೆ ಹನ್ನೊಂದೂವರೆ ಲಕ್ಷ ವೋನ್ ಕೊಟ್ಟು ಹಿಡ್ಕೊಂಡ್ರಂತೆ ಅಕ್ಕ" ಎಂದುಬಿಟ್ಟಳು. ಅಂಥ ಮನೆಯೇ ಇರಲಿಲ್ಲ. ಈ ಕಡೆ ಬಾಡಿಗೆ ಒಂಬತ್ತು, ಬಹಳವೆಂದರೆ ಹತ್ತು. ಆದರೆ ಹನ್ನೊಂದೂವರೆ ಎಂದಾಗ ಅಕ್ಕನ ಬಾಯಿ ಅರ್ಧ ತೆರೆದು ನಿಂತದ್ದು ನೋಡಲು ಖುಷಿಯಾಗಿತ್ತು. ಒಂಬತ್ತು, ಹತ್ತು, ಹನ್ನೊಂದೂವರೆ ಎನ್ನುವಾಗಲೆಲ್ಲ ಇನ್‌ಸುಕ್‌ನ ನಾಲಿಗೆ ಮಾತ್ರ ತಾನು ಕೊಡುವ ಆರು ಲಕ್ಷದ ಮೇಲೆ ಎಡವದಂತೆ ಜಾಗ್ರತೆಯಾಗಿ ಕಾಲಿಡುತ್ತಿತ್ತು.

ಇವತ್ತು ಗುರುವಾರ. ಅವಳು ರೈಲು ಹಳಿ ದಾಟಿ ಪ್ಯೋನ ಆಫೀಸಿಗೆ ಬಂದಿದ್ದು ತನ್ನದೇ ಉಮೇದಿನಿಂದ. ಅಕ್ಕ ಹೇಳಿದ್ದು ಹಳಿಯ ಈಚೆ, ಮನೆ ಕಡೆ ಇರುವ ಆಫೀಸುಗಳನ್ನು ಮಾತ್ರ. ಮಂಗಳವಾರದ ಮೈಗಳ್ಳತನಕ್ಕೆ ಪ್ರಾಯಶ್ಚಿತ್ತವೆಂಬಂತೆ ಇನ್ನೊಂದಿಷ್ಟು ದೂರ ನಡೆದಿದ್ದಳು. ಪ್ಯೋಗೆ ನಲವತ್ತರ ಆಸುಪಾಸು. ಶುಂಠಿ ಪೆಪ್ಪರಮಿಂಟು ಕೆನ್ನೆಯೊಳಗೆ ಒತ್ತಿಟ್ಟುಕೊಂಡೇ ಮಾತಾಡುವವನು. ಅವನು ಮೊದಲು ತೋರಿಸಿದ್ದು ಹತ್ತನೇ ಮಹಡಿಯ ಮನೆ. ಅಲ್ಲಿ ಬಾಡಿಗೆಗಿದ್ದ ಮುದುಕ ಟೀವಿಯ ಮುಂದೆ ಕೂತಲ್ಲಿಂದ ಏಳಲಿಲ್ಲ. "ನೋಡಿ, ನೋಡಿ. ಕಪಾಟೂ ತೆಗೆದು ನೋಡಿ. ನನ್ನೊಬ್ಬನ್ನ ಬಿಟ್ಟು ಎಲ್ಲಾ ಬಾಡಿಗೆಗಿದೆ" ಎಂದ. ಇನ್‌ಸುಕ್ ನಲ್ಲಿ ತಿರುಗಿಸಿ ನೋಡಿದಳು, ಫ್ಲಶ್ ಒತ್ತಿ ನೋಡಿದಳು. ಬಚ್ಚಲಿನ ತಂತಿಯ ಮೇಲೆ ಮುದುಕನ ಒಳಚಡ್ಡಿಗಳು ಒಣಗುತ್ತಿದ್ದವು. ನೋಡಬಾರದೆಂದು ಮುಖ ತಿರುಗಿಸಿದವಳು, ಮತ್ತೆ ತಿರುಗಿ ಅವುಗಳ ಸಡಿಲವಾದ ಅಂಚುಗಳನ್ನು ನೋಡಿದಳು. ಇನ್ನೊಬ್ಬರ ಬದುಕನ್ನು ಬೆಲೆ ಕಟ್ಟುವವಳಂತೆ ಮುಟ್ಟಿ ತಟ್ಟಿ ನೋಡುವುದರಲ್ಲಿ ತುರಿಕೆಯಂಥ ಒಂದು ಸುಖವಿತ್ತು. ಹೊರಡುವಾಗ ಮುದುಕ ಕೇಳಿದ: "ನಿಮಗೇನಾ ಮನೆ?"

"ಹೌದು."

"ಹಂಗಾದ್ರೆ ಕೇಳಿ. ಲಿಫ್ಟ್ ಮೋಟಾರು ಮಲಗೋ ಕೋಣೆ ಗೋಡೆ ಆಚೆಗೇ ಇದೆ. ರಾತ್ರಿಯೆಲ್ಲಾ ಗುಂಯ್ ಅಂತದೆ. ನಾನು ಕಿವುಡ, ನಡೀತು. ನಿಮಗಾಗಲ್ಲ."

ಪ್ಯೋ ಕೆಮ್ಮಿದ. ಇಳಿಯುವಾಗ ಲಿಫ್ಟಿನಲ್ಲಿ ಗೊಣಗಿದ: "ನೋಡಿ, ಇಂಥ ಬಾಡಿಗೆಯವರಿದ್ರೆ ನಮ್ಮ ಹೊಟ್ಟೆ ಹೊರೆಯೋದು ಹೆಂಗೆ? ಬನ್ನಿ, ಇನ್ನೊಂದಿದೆ. ನಿನ್ನೆ ತಾನೆ ಬಂದಿದ್ದು. ಅಲ್ಲಿ ಈ ರಗಳೆ ಇಲ್ಲ. ಬೆಳಿಗ್ಗೆ ಹೊತ್ತು ಬಾಡಿಗೆಯವಳು ಇರೋದೇ ಇಲ್ಲ."

ಪ್ಯೋನ ಕಾರು ಹಳಿಯ ಕೆಳದಾರಿ ಹಾದು ಈಚೆಗೆ ಬಂತು. ರಸ್ತೆಯ ಮೇಲೆಲ್ಲ ಗಿಂಕೋ ಮರದ ಹಣ್ಣುಗಳು ಉದುರಿ ಜಜ್ಜಿಹೋಗಿ ನಾರುತ್ತಿದ್ದವು. ತನ್ನದೇ ಬಡಾವಣೆಯ ಗೇಟಿನೊಳಗೆ ಕಾರು ತಿರುಗಿದಾಗ ಇನ್‌ಸುಕ್‌ಗೆ ಆದದ್ದು ಸಣ್ಣ ಗಾಬರಿ ಮಾತ್ರ. ವಾಚ್‌ಮನ್ ಗುರುತು ಹಿಡಿದು ಮಾತಾಡಿಸಿದರೆ ತನ್ನ ಬದುಕಿರುವ ಗಂಡ, ಮಗಳು ಇಬ್ಬರೂ ಅಲ್ಲೇ ಸತ್ತುಹೋಗುತ್ತಾರಲ್ಲ ಎಂದು. ಇಲ್ಲಿ ಹದಿನಾರು ಬ್ಲಾಕುಗಳಿವೆ, ಯಾವುದೋ ಒಂದು ಎಂದುಕೊಂಡಳು. ಕಾರು ನಿಂತ ಬ್ಲಾಕಿನ ಮುಂದೆ ತಾನು ನಿನ್ನೆ ಒಣಹಾಕಿದ್ದ ಮೂಲಂಗಿ ಚೂರುಗಳ ಜರಡಿ ಇತ್ತು. ಆಗಲೂ ಮನಸ್ಸು, ಎದುರು ಮನೆ ಇರಬೇಕು, ಎದುರು ಮನೆಯವರು ಹೇಳಲೇ ಇಲ್ಲವಲ್ಲ ಎಂದು ಪಿಸುಗುಟ್ಟುತ್ತಲೇ ಇತ್ತು. ಪ್ಯೋ ಅಂಗೈಯಲ್ಲಿ ಬರೆದುಕೊಂಡದ್ದನ್ನು ನೋಡಿ ಅವಳ ಬಾಗಿಲಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿದ. ಬೀಗ ತನ್ನ ಪುಟ್ಟ ರಾಗ ಹಾಡಿ ತೆರೆದುಕೊಂಡಿತು. ಅವಳಿಗೆ ಹಾಡಿದ ಹಾಗೆಯೇ ಅವನಿಗೂ ಹಾಡಿತು.

"ಒಳಗೆ ಯಾರೂ ಇಲ್ಲ. ಬನ್ನಿ ಮೇಡಂ" ಎಂದ ಪ್ಯೋ.

ಅವಳು ಬಂದಳು. ಬಾಗಿಲ ಬಳಿ ಇದ್ದ ಅವಳ ಚಪ್ಪಲಿಗಳನ್ನು ಪ್ಯೋ ಕಾಲಿನಿಂದ ಬದಿಗೆ ಸರಿಸಿ ಅವಳಿಗೆ ಶೂ ಬಿಡಲು ಜಾಗ ಮಾಡಿಕೊಟ್ಟ. ಈಗ ಹೇಳಬೇಕು, ಇದು ನನ್ನ ಮನೆ ಎನ್ನಬೇಕು. ಆ ಮಾತು ಗಂಟಲವರೆಗೆ ಬಂದು, ಹಾಗಾದರೆ ಮೇಡಂ ಇಷ್ಟು ಹೊತ್ತು ನೀವು ಮಾಡಿದ್ದೇನು ಎಂಬ ಮರುಪ್ರಶ್ನೆಯ ಮುಂದೆ ಕುಸಿದು ಕೂತಿತು. ಸುಳ್ಳು ಹೇಳಿಕೊಂಡು ಬೇರೆಯವರ ಕಪಾಟು ತೆಗೆದು ನೋಡುವ ಹೆಂಗಸು. ಅವಳು ಪ್ಯೋನ ಹಿಂದೆ ತನ್ನ ಮನೆಯನ್ನು ನೋಡುತ್ತ ನಡೆದಳು. ಹುದುಗು ಬರಿಸಿದ ಸೋಯಾ ಸಾರಿನ ವಾಸನೆ ಪರದೆಗಳಿಗೆ ಇಷ್ಟು ಹಿಡಿದಿದೆಯೆಂದು ಇವತ್ತಿನವರೆಗೆ ತಿಳಿದಿರಲಿಲ್ಲ. ಸಿಂಕಿನಲ್ಲಿ ಒಂದು ಬಟ್ಟಲು, ಒಂದು ಚಮಚ, ಒಂದು ಜೊತೆ ಊಟದ ಕಡ್ಡಿ. ಪ್ಯೋ ನಲ್ಲಿ ತಿರುಗಿಸಿ ನೀರಿನ ರಭಸ ತೋರಿಸಿದಾಗ ಆ ಬಟ್ಟಲಿಗೆ ನೀರು ಬಿದ್ದು ಅವಳ ಬೆಳಗಿನ ಅನ್ನದ ಅಗುಳುಗಳು ತೇಲಿದವು. "ಒಂಟಿ ಹೆಂಗಸು, ಮನೆ ಸವೆದಿಲ್ಲ. ನೋಡೋಕೆ ಸ್ವಲ್ಪ ಮುದುಕಿ ಮನೆ ಥರ ಇದೆ ಅಷ್ಟೆ. ಗೋಡೆಗೆ ಹೊಸ ಕಾಗದ ಹಾಕಿಸಿದ್ರೆ ಝಗ್ ಅನ್ನುತ್ತೆ."

"ಬಾಡಿಗೆಯವಳು ಬಿಡ್ತಾಳಂತಾ?" ಎಂದು ಅವಳು ಕೇಳಿದಳು. ಧ್ವನಿ ಬೇರೆ ಯಾರದೋ ಎಂಬಂತೆ ಸ್ಪಷ್ಟವಾಗಿತ್ತು.

"ಓನರಮ್ಮ ಹೇಳಿದ್ದಾರೆ, ಆಕೆ ಗಲಾಟೆ ಮಾಡೋಳಲ್ಲ ಅಂತ. ಏನು ಹೇಳಿದ್ರೂ ಕೇಳ್ತಾಳಂತೆ. ಇನ್ನೂ ಹೇಳಿಲ್ಲ, ಮನೆ ಹೋಗೋದು ಖಾತ್ರಿಯಾದ ಮೇಲೆ ಹೇಳ್ತಾರಂತೆ. ಈ ವಾರವೆಲ್ಲಾ ಬೆಳಿಗ್ಗೆ ಆಕೆನ ಹೊರಗೆ ಇರೋ ಹಾಗೆ ಮಾಡ್ತೀನಿ, ಎಷ್ಟು ಜನಾನಾದ್ರೂ ಕರ್ಕೊಂಡು ಬನ್ನಿ ಅಂದ್ರು. ಭಾರೀ ಚುರುಕು ಹೆಂಗಸು."

ಇನ್‌ಸುಕ್ ಪಿಯಾನೊದ ಅಂಚು ಹಿಡಿದುಕೊಂಡಳು. ಡೇಗುವಿನ ತಮ್ಮನ ಮಗಳು, ಕಿರುಗುಟ್ಟುವ ಮಂಡಿ, ಗೆಣಸಿನ ತಟ್ಟೆ, ಎಲ್ಲವೂ ಒಂದೇ ಸಲ ಕಣ್ಣೆದುರು ಬಂದವು. ಅವಳು ಊರೆಲ್ಲ ಸುತ್ತಿ ಬೇರೆಯವರ ಬಚ್ಚಲುಗಳನ್ನು ಇಣುಕುತ್ತಿದ್ದ ಹೊತ್ತಿನಲ್ಲಿ ಎಷ್ಟು ಜನ ಈ ನೆಲದ ಮೇಲೆ ನಡೆದಿರಬಹುದು! ಅವಳ ಒಗೆಯುವ ಬಟ್ಟೆಯ ಬುಟ್ಟಿಯನ್ನು ಯಾರು ಯಾರು ನೋಡಿರಬಹುದು!

"ಬಾಡಿಗೆ?"

"ಹನ್ನೊಂದೂವರೆ ಲಕ್ಷ. ಜಾಸ್ತಿ ಅನ್ಸುತ್ತೆ ಅಲ್ವಾ? ನಾನೂ ಅದನ್ನೇ ಅಂದೆ. ಹತ್ತಕ್ಕೆ ಹಾಕೋಣಮ್ಮ ಅಂದ್ರೆ ಕೇಳಲಿಲ್ಲ. ಎಂಟನೇ ಬ್ಲಾಕಲ್ಲಿ ಮೊನ್ನೆ ಅಷ್ಟಕ್ಕೇ ಹೋಗಿದೆ, ನಂಬಿಕಸ್ತರು ಕಣ್ಣಾರೆ ನೋಡಿಕೊಂಡು ಬಂದಿದ್ದಾರೆ ಅಂದ್ರು."

ನಗು ಬಂದಂತಾಗಿ ಅವಳು ಕೆಮ್ಮಿದಳು. ಯಾಕೆ ಕೇಳಿದಳೋ, ಬಾಯಿ ತಾನಾಗಿ ಕೇಳಿತು: "ನಮ್ಮ ಮಗಳು ಪಿಯಾನೊ ನುಡಿಸ್ತಾಳೆ. ಇಲ್ಲಿ ಇಡಬಹುದಾ?"

"ಅಯ್ಯೋ, ಅದೊಂದು ಬೇಡ ಮೇಡಂ! ಪಿಯಾನೊದವರು ಮಾತ್ರ ಬೇಡ ಅಂತ ಮೊದಲೇ ಷರತ್ತು. ಹತ್ತು ವರ್ಷ ತಲೆ ಮೇಲೆ ಸುತ್ತಿಗೆ ಹೊಡೆದ ಹಾಗೆ ಕೇಳಿದ್ದೀನಿ, ಇನ್ನು ಈ ಜನ್ಮಕ್ಕೆ ಸಾಕು ಅಂದ್ರು."

ಹೊರಹಾಕುವುದು, ಸುಳ್ಳು ಹೇಳುವುದು, ಬೀಗದ ನಂಬರನ್ನು ಪರರ ಅಂಗೈಗೆ ಬರೆಸುವುದು ಇವೆಲ್ಲವೂ ಒಂದು ಕಡೆ ನಿಂತವು. ಈ ಮಾತು ಒಂದೇ ಒಳಗೆ ಇಳಿಯಿತು. "ನಿನ್ನ ಪಿಯಾನೊ ಕೇಳ್ತಾ ಮಲಗಿದ್ರೆ ನಂಗೆ ಮಾತ್ರೆ ಬೇಕಾಗಲ್ಲ ಕಣೇ" ಎನ್ನುತ್ತಿದ್ದಳು ಅಕ್ಕ. ಆ ಮಾತನ್ನು ನಂಬಿ ಇನ್‌ಸುಕ್ ಮಕ್ಕಳು ಹೋದ ಮೇಲೆ, ಸಂಜೆಯಾದ ಮೇಲೆ, ಮೆಲ್ಲಗೆ, ಮೇಲಿನವಳಿಗಾಗಿಯೇ ಒಂದೆರಡು ಹಳೆಯ ಹಾಡು ನುಡಿಸುತ್ತಿದ್ದಳು. ಅದು ಅವಳು ಕೊಡುತ್ತಿದ್ದ ಬಾಡಿಗೆ. ಆರು ಲಕ್ಷದ ಜೊತೆಗೆ ಅದನ್ನೂ ಸೇರಿಸಿ ತಾನು ಯಾರ ಋಣದಲ್ಲೂ ಇಲ್ಲವೆಂದು ಸಮಾಧಾನಪಟ್ಟುಕೊಂಡಿದ್ದಳು.

ಅವಳ ಫೋನು ಹೊಡೆದುಕೊಂಡಿತು. ಬೊಂಗ್ರೆ ಅಕ್ಕ. ಅದೇ ಹೊತ್ತಿಗೆ ಮೇಲೆ, ಚಾವಣಿಯಾಚೆ, ಆ ಭಾರವಾದ ಎಡಗಾಲಿನ ಹೆಜ್ಜೆಗಳು ಅಡುಗೆಮನೆಯಿಂದ ಪಡಸಾಲೆಗೆ ಬರುತ್ತಿದ್ದುದೂ ಕೇಳಿಸಿತು.

"ಎಲ್ಲಿದ್ದೀಯೇ?"

"ಮನೆ ನೋಡ್ತಿದ್ದೀನಿ ಅಕ್ಕ."

"ಹೆಂಗಿದೆ?"

"ಚೆನ್ನಾಗಿದೆ. ನೆಲಮಹಡಿ. ಹನ್ನೊಂದೂವರೆ ಅಂತಿದ್ದಾರೆ."

ಮೇಲಿನ ಹೆಜ್ಜೆ ನಿಂತಿತು.

"ಒಳಗೆ ಒಂದು ಪಿಯಾನೊ ಇದೆ ಅಕ್ಕ" ಎಂದಳು ಇನ್‌ಸುಕ್.

ಮೇಲಿನ ಹೆಜ್ಜೆಗಳು ಅಡುಗೆಮನೆಗೆ ಹಿಂದಿರುಗಿದವು. ಆಮೇಲೆ ಅಕ್ಕ ಎಂದಿನ ದನಿಯಲ್ಲಿ, "ಊಟ ಆಯ್ತಾ?" ಎಂದಳು.

ಪ್ಯೋ ಬಾಗಿಲು ಹಿಡಿದು ನಿಂತು, "ಬನ್ನಿ ಮೇಡಂ, ನೀವು ಮುಂದೆ" ಎಂದ. ಅವನ ಮರ್ಯಾದೆಗೆ ಕಟ್ಟುಬಿದ್ದು ಅವಳು ತನ್ನ ಮನೆಯಿಂದ ಹೊರಗೆ ಬಂದಳು. ಬೀಗ ಬಿತ್ತು. ಯೋಚಿಸಿ ಹೇಳುತ್ತೇನೆಂದು ಅವನನ್ನು ಕಳಿಸಿ, ಕಾರು ಮರೆಯಾಗುವವರೆಗೆ ಮೂಲಂಗಿ ಜರಡಿಯ ಬಳಿ ನಿಂತಿದ್ದು ಮೆಟ್ಟಿಲು ಹತ್ತಿದಳು.

ಬೊಂಗ್ರೆ ಅಕ್ಕ ಬೆಚ್ಚನೆಯ ನೆಲದ ಮೇಲೆ ಪೇಪರ್ ಹರಡಿಕೊಂಡು ಒಣಮೀನಿನ ತಲೆ ಮುರಿಯುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಇನ್‌ಸುಕ್ ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳು ಅಕ್ಕನ ನೆತ್ತಿಯ ತೆಳ್ಳನೆಯ ಬಿಳಿಕೂದಲು ಕಂಡದ್ದೇ ಚದುರಿಹೋದವು.

"ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಅಕ್ಕ."

"ಹೇಳೋಕೆ ಆಗಲಿಲ್ಲ. ಅದಕ್ಕೇ ಕಳಿಸಿದೆ."

"ನೀನು ನನ್ನನ್ನ ಕಳಿಸಿದ್ದು ಮನೆ ಖಾಲಿ ಇರಲಿ ಅಂತ."

"ಅದೂ ಹೌದು." ಅಕ್ಕ ಈಗ ಮುಖ ಎತ್ತಿದಳು. "ಮೊದಲು ಅದಕ್ಕಲ್ಲ. ಮೊದಲು ನೀನೇ ನೋಡಿ ಬರಲಿ ಅಂತ. ಬೆಲೆ ನೋಡಿದ್ರೆ ನಿನಗೇ ಅನ್ನಿಸುತ್ತೆ ಅಂದ್ಕೊಂಡೆ. ದಿನಾ ಸಂಜೆ ಇಲ್ಲಿ ಕೂತು ಒಂಬತ್ತು ಅಂದೆ, ಹತ್ತು ಅಂದೆ, ಹನ್ನೊಂದೂವರೆ ಅಂದೆ. ನಾನು ನಿನ್ನ ಬಾಯೇ ನೋಡ್ತಿದ್ದೆ ಕಣೇ. ಅಕ್ಕಾ, ನಾನು ಆರೇ ಕೊಡ್ತಿದ್ದೀನಲ್ಲ, ಅಂತ ಒಂದು ಸಲ, ಒಂದೇ ಸಲ ಅಂತೀಯೇನೋ ಅಂತ ನೋಡ್ದೆ. ನನ್ನ ಗೆಣಸು ತಿಂದ್ಕೊಂಡು ಎದ್ದು ಹೋದೆ."

ಆ ಮೂರು ಸಂಜೆಗಳಲ್ಲಿ ಅಕ್ಕ ತನ್ನ ಬಾಯನ್ನು ನೋಡುತ್ತಿದ್ದುದು ಇನ್‌ಸುಕ್‌ಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಗೆಣಸು ಚೆನ್ನಾಗಿದೆ ಎಂದು ಮತ್ತೆ ಮತ್ತೆ ಹೇಳಿದ್ದಳು. ಆದರೆ ಅದು ಗೊತ್ತಿದ್ದರೂ ಮೋಸ ಹೋದ ಸಂಕಟ ಒಂದಿಷ್ಟೂ ಕಮ್ಮಿಯಾಗಲಿಲ್ಲ. ಅದನ್ನು ಹಿಡಿದು ಎತ್ತಿ ತೋರಿಸಲು ಇದ್ದ ಹಿಡಿಕೆ ಮಾತ್ರ ಮುರಿದುಹೋಯಿತು.

"ಹನ್ನೊಂದೂವರೆಗೆ ಹೋದ ಮನೆ ಇಲ್ಲವೇ ಇಲ್ಲ ಅಕ್ಕ" ಎಂದಳು. "ಮಂಗಳವಾರ ನಾನು ಎಲ್ಲೂ ಹೋಗಲಿಲ್ಲ. ನೂಡಲ್ಸ್ ತಿಂದ್ಕೊಂಡು ಬಂದೆ. ಅದು ನಾನು ಕಟ್ಟಿದ್ದು."

ಇಷ್ಟಾದರೂ ಅಕ್ಕನಿಗೆ ನೋಯಲಿ ಎಂದು ಹೇಳಿದ್ದಳು. ಅಕ್ಕ ಇನ್ನೊಂದು ಮೀನಿನ ತಲೆ ಮುರಿದು ಪೇಪರ್ ಮೇಲೆ ಹಾಕಿದಳು.

"ಹೌದಾ? ಇವತ್ತು ಬೆಳಿಗ್ಗೆ ಗಂಡಹೆಂಡತಿ ಬಂದು ಅಷ್ಟಕ್ಕೇ ಒಪ್ಪಿಕೊಂಡು ಹೋದ್ರಲ್ಲ. ಇನ್ನೊಂದು ಬ್ರೋಕರ್ ಕಡೆಯವರು. ಸಾಯಂಕಾಲ ಅಳತೆ ತೊಗೊಳ್ಳೋಕೆ ಬರ್ತಾರೆ. ಖಾಲಿ ಮಾಡೋದು ನಿನ್ನ ಅನುಕೂಲ ನೋಡಿ ಹೇಳು, ಚಳಿ ಬೀಳೋ ಒಳಗೆ ಆದ್ರೆ ಸಾಕು." ಆಮೇಲೆ, "ಅನ್ನ ಹಾಕಲಾ?" ಎಂದಳು.

"ಬೇಡ. ಮಾತ್ರೆ ತೊಗೊಂಡು ಮಲಗು" ಎಂದು ಇನ್‌ಸುಕ್ ಎದ್ದಳು. ಅಕ್ಕನಿಗೆ ಅದು ಅರ್ಥವಾಯಿತೋ ಇಲ್ಲವೋ, ಕೈ ಮಾತ್ರ ಮೀನು ಮುರಿಯುವುದನ್ನು ನಿಲ್ಲಿಸಿತು.

ಮಧ್ಯಾಹ್ನದ ಪಾಠಗಳು ಹೇಗೆ ಮುಗಿದವೋ ತಿಳಿಯಲಿಲ್ಲ. ಮಕ್ಕಳು ಒತ್ತಿದ ಒಂದೊಂದು ಕೀಲಿಯ ಸದ್ದೂ ಮೇಲಕ್ಕೆ ಹೋಗಿ ಒಬ್ಬ ಮುದುಕಿಯ ನೆತ್ತಿಗೆ ತಾಗುತ್ತಿರುವಂತೆ ಕೇಳಿಸಿತು; ಮೊದಮೊದಲು, ತಾಗಲಿ, ಇನ್ನೂ ಜೋರಾಗಿ ಒತ್ತು ಎಂದುಕೊಂಡವಳು, ಕೊನೆಯ ಮಗುವಿಗೆ ತಾನೇ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದಳು. ಮಕ್ಕಳೆಲ್ಲ ಹೋದ ಮೇಲೆ ಕರೆಗಂಟೆ ಸದ್ದಾಯಿತು. ಈ ಸಲ ನಂಬರ್ ಒತ್ತದೆ ಗಂಟೆ ಬಾರಿಸಿದ್ದಳು ಅಕ್ಕ. ಹಿಂದೆ ಒಬ್ಬ ಯುವಕ, ಅವನ ಬಸುರಿ ಹೆಂಡತಿ. ಹುಡುಗಿ ಒಂದು ಡಬ್ಬಿ ಪೇರ್ ಹಣ್ಣು ತಂದಿದ್ದಳು. ಎರಡು ಕೈಯಲ್ಲಿ ಕೊಟ್ಟು, ತೊಂದರೆ ಕೊಡ್ತಿದ್ದೀವಿ ಎಂದು ತಲೆಬಾಗಿದಳು.

"ಇವಳು ನನ್ನ ಒಡಹುಟ್ಟಿದವಳ ಹಾಗೆ" ಎಂದಳು ಅಕ್ಕ. "ಮನೆ ಬಗ್ಗೆ ಏನು ಕೇಳೋದಿದ್ರೂ ಇವಳನ್ನೇ ಕೇಳಿ. ಸುಳ್ಳು ಹೇಳೋಳಲ್ಲ."

ಯುವಕ ಟೇಪು ಬಿಚ್ಚಿ ಮಲಗುವ ಕೋಣೆಗೆ ಹೋದ. ಹುಡುಗಿ ಪಡಸಾಲೆಯ ನಡುವೆ ನಿಂತು ಸುತ್ತ ನೋಡಿದಳು. ಅವಳ ಕಣ್ಣಲ್ಲಿ ಈ ಮನೆ ಮುದುಕಿಯ ಮನೆಯಾಗಿರಲಿಲ್ಲ. ಪರದೆಗಳಿಲ್ಲ, ಸಾರಿನ ವಾಸನೆ ಇಲ್ಲ, ಬಿಸಿಲು ಮಾತ್ರ ಇತ್ತು. "ಇದಕ್ಕಿಂತ ಮೊದಲು ನೋಡಿದ್ದೆಲ್ಲಾ ಒಂದೋ ಕತ್ತಲು, ಒಂದೋ ತೇವ ಆಂಟಿ. ನೆಲಮಹಡಿ ಅಂದ್ರೆ ತೇವ ಇರುತ್ತೆ ಅಂತ ನಮ್ಮಮ್ಮ ಹೆದರಿಸಿದ್ದಾರೆ. ಮಗು ಹುಟ್ಟೋದು ಚಳಿಗಾಲದಲ್ಲಿ. ಇಲ್ಲಿ ಹಾಗೇನಾದರೂ ಇದೆಯಾ?"

ಪಿಯಾನೊದ ಹಿಂದಿನ ಗೋಡೆಯಲ್ಲಿ ಇತ್ತು. ಮೊದಲ ಚಳಿಗಾಲದಲ್ಲೇ ಅಂಗೈ ಅಗಲ ಕಪ್ಪು ಬೂಷ್ಟು ಎದ್ದಿತ್ತು. ತೋರಿಸಿದಾಗ ಅಕ್ಕ, "ಪಿಯಾನೊ ಅಲ್ಲಿಗೇ ಒತ್ತರಿಸಿಬಿಡು, ಕಾಣಲ್ಲ" ಎಂದಿದ್ದಳು. ವರ್ಷವರ್ಷವೂ ಅದು ಬೆಳೆದು ಈಗ ಎದೆಯೆತ್ತರಕ್ಕೆ ಬಂದಿತ್ತು. ಇನ್‌ಸುಕ್ ಡಿಸೆಂಬರಿನಲ್ಲಿ ಕೆಮ್ಮುತ್ತಿದ್ದಳು, ವಿನೆಗರ್ ಹಚ್ಚಿ ಒರೆಸುತ್ತಿದ್ದಳು. ಆರು ಲಕ್ಷಕ್ಕೆ ಗೋಡೆಯ ಮಾತೆತ್ತಬಾರದೆಂದು ಸುಮ್ಮನಿರುತ್ತಿದ್ದಳು. ಈಗ ಎತ್ತಬಹುದು. ಪಿಯಾನೊ ಒಂದು ಮೊಳ ಈಚೆಗೆ ಎಳೆದರೆ ಸಾಕು. ಹನ್ನೊಂದೂವರೆ ಮುರಿದುಬೀಳುತ್ತದೆ, ಈ ಹುಡುಗಿ ಕೈಮುಗಿದು ಹೊರಟುಹೋಗುತ್ತಾಳೆ, ಅಕ್ಕನ ಮುಖ ಎಲ್ಲರೆದುರು ಇಳಿಯುತ್ತದೆ. ಅವಳು ಬಾಯಿ ತೆರೆದಳು. ಅಕ್ಕ ಗೋಡೆಯನ್ನಲ್ಲ, ಅವಳನ್ನು ನೋಡುತ್ತಿದ್ದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಗಲಾಟೆ ಮಾಡುವವಳಲ್ಲ ಎಂಬ ನಿಶ್ಚಿಂತೆ ಮಾತ್ರ ಇತ್ತು.

"ಒಳ್ಳೇ ಮನೆ" ಎಂದಳು ಇನ್‌ಸುಕ್. "ಹತ್ತು ವರ್ಷ ಇದ್ದೆ. ಒಂದು ದಿನ ತೊಂದರೆ ಆಗಿಲ್ಲ."

ಹುಡುಗಿ ತಡೆಹಿಡಿದಿದ್ದ ಉಸಿರು ಬಿಟ್ಟಳು. "ಬ್ರೋಕರ್ ಮಾತು ನಂಬೋಕಾಗಲ್ಲ ನೋಡಿ. ನೀವು ಹೇಳಿದ್ಮೇಲೆ ನೆಮ್ಮದಿಯಾಯ್ತು" ಎಂದು ಇನ್‌ಸುಕ್‌ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೈ ಬೆಚ್ಚಗಿತ್ತು. ಬಿಡಿಸಿಕೊಳ್ಳಬೇಕೆನ್ನಿಸಲಿಲ್ಲ. ಯಾರೋ ತನ್ನನ್ನು ಪೂರ್ತಿ ನಂಬಿದಾಗ ಎದೆಯಲ್ಲಿ ಹೀಗೆ ಹಿತವಾಗುತ್ತದಲ್ಲವೇ, ಬೀಗದ ನಂಬರ್ ಹೇಳಿಸಿಕೊಂಡ ದಿನ ಅಕ್ಕನಿಗೂ ಹೀಗೇ ಆಗಿತ್ತೇ ಎಂದು ಅವಳು ಯೋಚಿಸುತ್ತಿದ್ದಾಗ, ಹುಡುಗಿ ಪಿಯಾನೊದ ಕಡೆ ತಿರುಗಿದಳು.

"ಇದು ಹೋದ ಮೇಲೆ ತೊಟ್ಟಿಲು ಇಲ್ಲೇ ಹಾಕಬಹುದು. ಅಲ್ವಾ ಆಂಟಿ?"

"ಹಾಕಬಹುದು" ಎಂದಳು ಇನ್‌ಸುಕ್. "ಅಲ್ಲಿ ಗಾಳಿ ಬೀಸೋದಿಲ್ಲ."

ಒಳಗಿನ ಕೋಣೆಯಲ್ಲಿ ಟೇಪು ಸರ್ರನೆ ಸುತ್ತಿಕೊಂಡ ಸದ್ದಾಯಿತು. ಅಕ್ಕ ಹಣ್ಣಿನ ಡಬ್ಬಿ ತೆರೆದು, ಚಾಕು ಎಲ್ಲಿದೆಯೆಂದು ಯಾರನ್ನೂ ಕೇಳದೆ, ಇನ್‌ಸುಕ್‌ನ ಅಡುಗೆಮನೆಗೆ ಹೋದಳು.